ಬಾಯಿ ಮುಚ್ಚಿದ ಚಿಪ್ಪುಗಳು

"ಅಣ್ಣ, ಬಾವಿಯಗೆ ಚಿಪ್ಪ್ ಬಂತ್!"

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ತಂಗಿ ವಸಂತಿಯ ಫೋನು. ನೀರು ಬಂತು ಅಂದಿದ್ದರೆ ಸಂತೋಷಪಡಬಹುದಿತ್ತು. ಬಂಡೆ ಬಂತು ಅಂದಿದ್ದರೆ ಸಮಾಧಾನ ಹೇಳಬಹುದಿತ್ತು. ಚಿಪ್ಪು ಬಂತು ಅಂದರೆ ಏನು ಹೇಳುವುದು? "ಬತ್ತೆ, ನಿಲ್ಲ್" ಅಂದು ಸ್ಕೂಟರ್ ಹತ್ತಿದೆ.

ವಸಂತಿ ಮತ್ತು ಭಾವ ಇಪ್ಪತ್ತು ವರ್ಷ ಮುಂಬೈಯ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದವರು. ಊರಿಗೆ ಬಂದು ಹೆಮ್ಮಾಡಿಯ ಹತ್ತಿರ ಸ್ವಲ್ಪ ಜಾಗ ಕೊಂಡಿದ್ದರು. ಜಾಗದ ಹಿಂಬದಿ ಕೆಂಪುಕಲ್ಲಿನ ದಿಬ್ಬ. ರಸ್ತೆಯ ಬದಿ ಬೇಸಾಯವಿಲ್ಲದೆ ಹಡಿಲು ಬಿದ್ದ ತಗ್ಗು ಗದ್ದೆ. ಮನೆ ರಸ್ತೆಯ ಬದಿಗೇ ಆಗಬೇಕು, ಅಡುಗೆಮನೆಯ ಕಿಟಕಿಯಿಂದ ಓಡಾಡುವ ಜನ ಕಾಣಬೇಕು ಎಂದು ಅವಳ ಹಟ. (ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಪೈಪು ಮಾತ್ರ ಕಾಣುತ್ತಿದ್ದ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದವಳಿಗೆ ಅಷ್ಟೂ ಆಸೆ ಇರಬಾರದೇ?) ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಪ್ಲಾನು ತಾನೇ ಬರೆದಿದ್ದಳು.

ನಾನು ಹೋದಾಗ, ಅಡುಗೆಮನೆಯ ಪಕ್ಕಕ್ಕೆಂದು ತಗ್ಗಿನಲ್ಲಿ ಬಾವಿ ತೋಡುತ್ತಿದ್ದ ಶೇಖರ ಮೇಲೆ ಬಂದು ಕುಳಿತಿದ್ದ. ಹನ್ನೊಂದು ಅಡಿಯವರೆಗೆ ಮಣ್ಣು, ಮರಳು. ಆಮೇಲೆ ಕಪ್ಪು ಕೆಸರು, ಅದರ ತುಂಬ ಬಿಳಿ ಚಿಪ್ಪು.

"ಮಾಷ್ಟ್ರೆ, ಹಿಂದೆ ಇಲ್ಲ್ ಸುಣ್ಣದ ಗೂಡ್ ಇದ್ದಿರ್ಕ್. ಸುಡುಕೆ ತಂದ ಚಿಪ್ಪ್ ರಾಶಿ ಹಾಕಿದ್ರ್. ಎರಡ್ ಅಡಿ ತೋಡ್ರೆ ಮುಗಿತ್ತ್" ಅಂದ ಶೇಖರ.

ಎಷ್ಟು ಸರಿಯಾದ ಮಾತು! ನಾನು ತಕ್ಷಣ ಒಪ್ಪಿದೆ. ಅಷ್ಟೇ ಅಲ್ಲ, ಫೋಟೊ ತೆಗೆದು ಹಳೆಯ ಸಹಪಾಠಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ: "ತಂಗಿಯ ಜಾಗದಲ್ಲಿ ಪುರಾತನ ಸುಣ್ಣದ ಗೂಡು ಪತ್ತೆ!" ಹೆಬ್ಬೆರಳುಗಳ ಮಳೆ. ನಿವೃತ್ತ ಮೇಷ್ಟ್ರಿಗೆ ಇನ್ನೇನು ಬೇಕು?

ಹತ್ತು ನಿಮಿಷಕ್ಕೆ ಅದೇ ಗ್ರೂಪಿನ ಸುಜಾತಳ ಫೋನು. ಬೇರೆ ಊರಿನ ಕಾಲೇಜಿನಲ್ಲಿ ಇನ್ನೂ ಭೂವಿಜ್ಞಾನ ಪಾಠ ಮಾಡುವವಳು. ರಜೆಗೆಂದು ಬ್ರಹ್ಮಾವರದ ತಾಯಿಮನೆಗೆ ಬಂದಿದ್ದಳು.

"ಗೂಡ್ ಅಂತ ನಿಂಗ್ ಹೇಳದ್ದ್ ಯಾರ್? ನಾಳೆ ಬತ್ತೆ. ಅಷ್ಟರತನಕ ಏನೂ ತೋಡ್ಬೇಡಿ."

ಮರುದಿನ ಬೆಳಿಗ್ಗೆ ಬಂದವಳು ಚೂಡಿದಾರದ ತುದಿ ಮಡಚಿ ಏಣಿಯಲ್ಲಿ ಇಳಿದೇಬಿಟ್ಟಳು. ಬಾವಿಯ ಗೋಡೆಯಿಂದ ಮಣ್ಣಿನ ಹೆಂಟೆಗಳನ್ನು ಕೆತ್ತಿ ತಂದು, ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಳು. ಮೇಲಿನದು ಈ ತುದಿ, ಕೆಳಗಿನದು ಆ ತುದಿ.

"ಕೆಳಗಿದ್ದದ್ದ್ ಹಳೀದ್. ಪ್ರತಿ ಪದರದಗೆ ಯಾರ್ ಬದ್ಕಿದ್ದ್ರ್ ಅಂತ ಕಂಡ್ರೆ, ಆಗ ಈ ಜಾಗ ಹ್ಯಾಂಗಿತ್ತ್ ಅಂತ ಗೊತ್ತಾತ್ತ್" ಅಂದಳು.

ಮರಳಿನಲ್ಲಿ ಕೆರೆ, ಗದ್ದೆಗಳಲ್ಲಿ ಕಾಣುವಂಥ ಪುಟ್ಟ ಬಸವನಹುಳುಗಳು. ಕಪ್ಪು ಕೆಸರಿನಲ್ಲಿ ದಪ್ಪ ಚಿಪ್ಪು, ಜೊತೆಗೆ ಇದ್ದಿಲಿನಂತೆ ಕಪ್ಪಾದ ಮರದ ಬೇರು. ಪಳೆಯುಳಿಕೆ ಅಂದರೆ ಗಾಜಿನ ಪೆಟ್ಟಿಗೆಯಲ್ಲಿರುವ ದೊಡ್ಡ ಮೂಳೆ ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಇದು ಇನ್ನೂ ಕಲ್ಲಾಗದ ಕೆಸರು, ಆದರೆ ಪದರುಗಲ್ಲನ್ನು ಓದುವ ಕ್ರಮವೂ ಇದೇ ಎಂದಳು ಸುಜಾತ.

ಅಷ್ಟರಲ್ಲಿ ಗುಲಾಬಕ್ಕನ ಸ್ಕೂಟರ್ ನಿಂತಿತು. ಗಂಗೊಳ್ಳಿಯಿಂದ ಮೀನು ತಂದು ದಿನಾ ಅದೇ ದಾರಿಯಲ್ಲಿ ಮಾರಿಕೊಂಡು ಹೋಗುವವರು. "ಹ್ವಾಯ್, ಎಂತ ಅದ್?" ಎನ್ನುತ್ತ ಬಂದು ಒಂದು ಚಿಪ್ಪು ಎತ್ತಿಕೊಂಡರು. ತಿರುಗಿಸಿ ನೋಡಿದರು. ಇನ್ನೊಂದು ಎತ್ತಿದರು.

"ಇದ್ ಯಾರೂ ತಂದ್ ಹಾಕದ್ದಲ್ಲ ಮಾಷ್ಟ್ರೆ."

"ಅದ್ ಹ್ಯಾಂಗೆ ಹೇಳ್ತ್ರಿ?" ಅಂದೆ.

"ಬಾಯಿ ಮುಚ್ಚಿತ್ತ್ ಕಾಣಿ. ಬೇಯ್ಸ್ರೆ ಬಾಯಿ ಬಿಡತ್ತ್. ಗೂಡಿಗೆ ತರುದೆಲ್ಲ ತಿಂದ್ ಬಿಸಾಡಿದ್ದ್, ಒಂದೊಂದೇ ಹೋಳ್ ಇರತ್ತ್. ಇದ್ರದ್ದ್ ಎರಡೂ ಹೋಳ್ ಕೂಡೇ ಇತ್ತ್. ಕೆಸ್ರಗೇ ಹುಟ್ಟಿ ಕೆಸ್ರಗೇ ಸತ್ತದ್ದ್."

ಸುಜಾತ ಎದ್ದು ನಿಂತಳು. ಬಾವಿಯೊಳಗೆ ಅವು ಜೀವಂತ ಇದ್ದಾಗಿನ ಹಾಗೇ ನೆಟ್ಟಗೆ ನಿಂತಿದ್ದನ್ನು ಅವಳೂ ನೋಡಿ ಬಂದಿದ್ದಳು.

"ಗುಲಾಬಕ್ಕ, ಇದ್ ಸಮುದ್ರದ್ದಾ?" ಎಂದು ಕೇಳಿದಳು.

"ಅಲ್ಲ. ಸಮುದ್ರದ ಅಲೆಗೆ ಈ ಜಾತಿ ನಿಲ್ಲುದಿಲ್ಲ. ಅಳಿವೆಯಿಂದ ಒಳ್ಗೆ, ಉಪ್ಪುನೀರ್ ಸಿಹಿನೀರ್ ಕೂಡು ಕೆಸ್ರಗೆ ಆಪುದ್. ಸಣ್ಣದಿಪ್ಪಾಗ ಅಬ್ಬೆಯೊಟ್ಟಿಗೆ ನಾನೇ ಹೆಕ್ಕಿದ್ದೆ."

ಕಪ್ಪು ಬೇರು ಬಹುಶಃ ಕಾಂಡ್ಲದ್ದು ಎಂದಳು ಸುಜಾತ, ಹಿನ್ನೀರಿನ ಕೆಸರಲ್ಲಿ ಬೇರು ಚಾಚಿ ನಿಲ್ಲುವ ಗಿಡ. ಹಾಗಾದರೆ ವಸಂತಿಯ ಅಡುಗೆಮನೆಯ ಜಾಗ ಒಂದು ಕಾಲಕ್ಕೆ ಅಲೆಯಿಲ್ಲದ ಹಿನ್ನೀರು. ಆಮೇಲೆ ಹೊಳೆ ಮರಳು ತಂದು ಹಾಕಿತು, ಉಪ್ಪು ದೂರ ಸರಿಯಿತು, ಬಸವನಹುಳು ಬಂತು. ಕೊನೆಗೆ ಗದ್ದೆ, ಸರ್ವೆ ನಂಬರು. ಎಷ್ಟು ವರ್ಷದ ಹಿಂದೆ? "ಅದ್ ಲ್ಯಾಬ್ ಹೇಳ್ಕ್, ನಾನಲ್ಲ" ಅಂದಳು. (ನಾನಾಗಿದ್ದರೆ ಗ್ರೂಪಿನಲ್ಲಿ ಹತ್ತು ಸಾವಿರ ಅಂದುಬಿಡುತ್ತಿದ್ದೆ.)

ಆಮೇಲೆ ಮೆಲ್ಲಗೆ ವಸಂತಿಯ ಕಡೆ ತಿರುಗಿದಳು. "ರಾಶಿ ಹಾಕಿದ್ದಾದ್ರೆ ಒಂದ್ ಮೂಲಿಯಗೆ ಮುಗಿತಿತ್ತ್. ಇದ್ ಹಿನ್ನೀರಿನ ತಳ. ಈ ತಗ್ಗಿನ ಅಡಿಗೆಲ್ಲ ಇದೇ ಇದ್ದಿರ್ಕ್. ಮನಿ ಭಾರಕ್ಕೆ ಕೆಸ್ರ್ ಕುಸಿತ್ತ್. ಪಾಯ ಹಾಕುಕ್ ಮೊದ್ಲ್ ಇಂಜಿನಿಯರ್‌ಗೆ ತೋರ್ಸ್."

ವಸಂತಿ ಕರೆಂಟ್ ಬಿಲ್ಲನ್ನು ನಾಲ್ಕಾಗಿ ಮಡಚಿದಳು. ಅವರಿಬ್ಬರೂ ಹೋದ ಮೇಲೆ ನನ್ನ ಮೇಲೆ ಹರಿಹಾಯ್ದಳು: "ಊರಿಗೆಲ್ಲ ಡಂಗುರ ಹೊಡಿ ಅಂದದ್ದ್ ಯಾರ್ ನಿಂಗೆ?" ಮೂರು ದಿನ ನನ್ನ ಫೋನು ಎತ್ತಲಿಲ್ಲ. ತಪ್ಪೇನು? ಇಪ್ಪತ್ತು ವರ್ಷ ಕಾದ ಕಿಟಕಿ ಅದು.

ಆದರೂ ಇಂಜಿನಿಯರನ್ನು ಕರೆಸಿದಳು. ತಗ್ಗಿನಲ್ಲಿ ಇನ್ನೆರಡು ಕಡೆ ಗುಂಡಿ ತೆಗೆಸಿದ್ದಾಯಿತು. ಎರಡರಲ್ಲೂ ಅದೇ ಕೆಸರು, ಅದೇ ಮುಚ್ಚಿದ ಬಾಯಿ. ಪಾಯದ ಗುರುತಿಗೆ ಗೂಟ ಹೊಡೆದು ಕಟ್ಟಿದ್ದ ದಾರವನ್ನು ದಿಬ್ಬದ ಮೇಲೆ ಹೊಸದಾಗಿ ಕಟ್ಟಿದರು. ಹಾಲ್ ಸಣ್ಣದಾಯಿತು. ಕಾರು ಬಾಗಿಲಿಗೆ ಬರುವುದಿಲ್ಲ, ಹದಿನಾಲ್ಕು ಮೆಟ್ಟಿಲು ಹತ್ತಬೇಕು. ಹಳೆಯ ಗೂಟ ಕೀಳುವಾಗ ವಸಂತಿ ಬೆನ್ನು ತಿರುಗಿಸಿ ನಿಂತಿದ್ದಳು. ಕಣ್ಣು ಒರೆಸಿಕೊಂಡದ್ದು ನನಗೆ ಕಾಣಿಸಿತು. ಕಾಣದವನ ಹಾಗೆ ಗೂಟ ಎಣಿಸುತ್ತ ನಿಂತೆ.

ಜುಲೈಯಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಯ್ದಾಗ ಅವಳ ವಿಡಿಯೊ ಕಾಲ್ ಬಂತು. ದಿಬ್ಬದ ಹೊಸ ಪಾಯದ ಮೇಲೆ ಕೊಡೆ ಹಿಡಿದು ನಿಂತಿದ್ದಾಳೆ. ಕೆಳಗಿನ ತಗ್ಗಿನಲ್ಲಿ ಸೊಂಟದವರೆಗೆ ನೀರು.

"ಅಣ್ಣ, ಅಡುಗಿಮನಿ ಅಲ್ಲೇ ಬಪ್ಪುದಿತ್ತಲ್ದಾ?"

"ಹೌದ್" ಅಂದೆ.

ಫೋನನ್ನು ಹೊಸ ಪಾಯದ ಕಡೆ ತಿರುಗಿಸಿದಳು. ಆಮೇಲೆ ಅಂದಳು, "ಮನಿ ಒಕ್ಕಲಿಗೆ ಗುಲಾಬಕ್ಕನನ್ನೂ ಸುಜಾತನನ್ನೂ ಮೊದ್ಲ್ ಕರೀಕ್."

ಜಾಗ ಕೊಳ್ಳುವಾಗ ನಾವು ಆರ್‌ಟಿಸಿ ನೋಡುತ್ತೇವೆ, ನಕ್ಷೆ ನೋಡುತ್ತೇವೆ, ವಾಸ್ತು ಕೇಳುತ್ತೇವೆ. ಮಾರಿದವನ ಅಜ್ಜನ ಹೆಸರೂ ಗೊತ್ತಿರುತ್ತದೆ. ಅಜ್ಜನಿಗಿಂತ ಮೊದಲು ಅಲ್ಲಿ ಏನಿತ್ತು ಎಂದು ಕೇಳಿದ್ದುಂಟೇ? ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಬದಿ ನೋಡಿ. ಟಿಪ್ಪರ್‌ಗಳು ಕೆಂಪು ಮಣ್ಣು ತಂದು ತಗ್ಗುಗಳನ್ನು ತುಂಬುತ್ತಿವೆ. ಮಳೆಗಾಲದಲ್ಲಿ ಅಲ್ಲೇ ನಿಂತು ನಾವೆಲ್ಲ ಗಾಬರಿಯಿಂದ ಹೇಳುತ್ತೇವೆ, ನೀರು ಮನೆಗೆ ನುಗ್ಗಿತು ಎಂದು.

ನುಗ್ಗಿದ್ದು ಯಾರು ಸ್ವಾಮಿ, ನೀರೇ?