ರೈಟರು ಆರಿಸಿದ ಪುಸ್ತಕ

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೂ ಸೀಳಿತ್ತು. ಕಣದಲ್ಲಿ ಒಣಗುವ ಕಾಫಿಬೀಜದ ಸಿಪ್ಪೆಯನ್ನು ಆ ಉಗುರಿನಿಂದಲೇ ಬಿಡಿಸಿ, ಬೀಜವನ್ನು ಹಲ್ಲಿನಲ್ಲಿ ಕಚ್ಚಿ, "ಇನ್ನೆರಡು ಬಿಸಿಲು ಬೇಕು" ಎನ್ನುತ್ತಿದ್ದರು. ಗೋಣಿಬೀಡಿನ ಹತ್ತಿರ, ನಮ್ಮ ತೋಟದ ಬೇಲಿಗೆ ಅಂಟಿಕೊಂಡಿದ್ದ ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ಅವರು ರೈಟರು, ಎಂದರೆ ಗುಮಾಸ್ತರು. ನಾವು ಯಾರೂ ಅವರ ಹೆಸರು ಹಿಡಿದು ಕರೆದವರಲ್ಲ.

ಮಕ್ಕಳಿಲ್ಲದ ಮನುಷ್ಯ, ಲೆಕ್ಕದ ಹುಚ್ಚು. ಸುತ್ತಲಿನ ನಾಲ್ಕಾರು ಊರಿನಲ್ಲಿ ಯಾರ ಮಕ್ಕಳು ಪರೀಕ್ಷೆ ಕಟ್ಟಿದರೂ ಅಭ್ಯಾಸದ ಪುಸ್ತಕ ಆರಿಸಿಕೊಡಲು ಇವರೇ ಆಗಬೇಕು. ಚಿಕ್ಕಮಗಳೂರಿನ ಅಂಗಡಿಯಲ್ಲಿ ಇದ್ದಬದ್ದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಪ್ರತಿಯೊಂದನ್ನೂ ಮಧ್ಯಕ್ಕೆ ತೆರೆದು, ಅಲ್ಲೇ ನಿಂತು ಒಂದೊಂದು ಲೆಕ್ಕ ಮಾಡಿ ನೋಡುತ್ತಿದ್ದರಂತೆ. ಅಂಗಡಿಯವನು ಗೊಣಗಿದರೆ, "ಮೂಟೆ ಬಾಯಲ್ಲಿರೋ ಬೀಜ ನೋಡಿ ಯಾರಾದ್ರೂ ಕಾಫಿ ತಗೊಳ್ತಾರೇನ್ರೀ?" ಎನ್ನುವರು.

ನಾನು ಕಾಲೇಜಿನ ಎಂಟ್ರೆನ್ಸ್ ಪರೀಕ್ಷೆಗೆ ಕೂರುತ್ತೇನೆಂದಾಗ ಅಪ್ಪಯ್ಯ ಒಪ್ಪಲಿಲ್ಲ. ಬ್ರಿಟಿಷರ ಕಾಲ ಅದು. ನಮ್ಮ ಕಡೆ ಹೈಸ್ಕೂಲು ಮುಗಿಸಿದ ಹುಡುಗಿಯೇ ಅಪರೂಪ. ಸಾಲದ್ದಕ್ಕೆ ಕಳಸದ ಕಡೆಯ ಒಂದು ಸಂಬಂಧ ಬಂದು ಕುಳಿತಿತ್ತು. ರೈಟರು ಬಂದು ನಮ್ಮ ಜಗಲಿಯ ಮೇಲೆ ಕೂತರು. "ಗೌಡ್ರೇ, ಒಂದು ವರ್ಷ ತಡೀರಿ. ಪಾಸಾದ್ರೆ ಮೈಸೂರಿಗೆ ಕಳ್ಸಿ. ಪುಸ್ತಕ ನಾನು ತರ್ತೀನಿ, ಲೆಕ್ಕ ನಾನು ನೋಡ್ತೀನಿ. ಫೇಲಾದ್ರೆ ನನ್ನ ಕೇಳಿ." ಅಪ್ಪಯ್ಯ ಅವರ ಮುಖ ನೋಡಿ ಹೂಂ ಅಂದರು.

ಅವರು ತಂದದ್ದು ಒಂದು ತೆಳು ಪುಸ್ತಕ. ಹಳೆಯ ಪ್ರಶ್ನೆಪತ್ರಿಕೆಗಳು, ಬರೀ ಪ್ರಶ್ನೆ, ಉತ್ತರದ ಸುದ್ದಿಯೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಅವೇ ಪ್ರಶ್ನೆಗಳಿಗೆ ಹೆಜ್ಜೆಹೆಜ್ಜೆಗೂ ಉತ್ತರ ಬಿಡಿಸಿಟ್ಟ ದಪ್ಪ ಪುಸ್ತಕ ಪೇಟೆಯಲ್ಲಿದ್ದ ನಮ್ಮ ಮಾವನ ಮಗನ ಹತ್ತಿರ ಇತ್ತು. ಅದೇ ಬೇಕಿತ್ತು ಎಂದೆ.

"ಅದನ್ನೂ ನೋಡ್ದೆ ಮಾರಾಯ್ತಿ. ಓದೋಕೆ ಚಂದ. ಓದ್ತಾ ಓದ್ತಾ ಎಲ್ಲ ಬರುತ್ತೆ ಅನ್ಸುತ್ತೆ, ಅದೇ ಅದ್ರ ರೋಗ. ಇದ್ರಲ್ಲಿ ಒದ್ದಾಡು. ತಪ್ಪಾದ್ರೆ ನಾನಿದೀನಲ್ಲ."

ಒದ್ದಾಡಲು ನನಗೆಲ್ಲಿ ತಾಳ್ಮೆ? ಮಾವನ ಮಗನನ್ನು ಕಾಡಿ ಬೇಡಿ ಆ ದಪ್ಪ ಪುಸ್ತಕ ತರಿಸಿಕೊಂಡು ಬಟ್ಟೆ ಪೆಟ್ಟಿಗೆಯ ತಳದಲ್ಲಿಟ್ಟೆ. ಅದರಲ್ಲಿದ್ದುದನ್ನು ನನ್ನ ನೋಟುಬುಕ್ಕಿಗೆ ಇಳಿಸಿ, ಅನುಮಾನ ಬಾರದಿರಲೆಂದು ಅಲ್ಲಲ್ಲಿ ಒಂದು ಸಾಲು ಹೊಡೆದುಹಾಕಿ, ಪ್ರತಿ ಭಾನುವಾರ ಅವರ ಕಣಕ್ಕೆ ಒಯ್ಯುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಅವರು ಬುಟ್ಟಿ ಕವುಚಿಕೊಂಡು ಅದರ ಮೇಲೆ ಕೂತು ಒಂದೊಂದು ಸಾಲಿಗೂ ತಲೆಯಾಡಿಸುವರು. ಒಮ್ಮೆ ಆಳುಗಳ ಮೇಸ್ತ್ರಿಯನ್ನು ಕರೆದು, "ನೋಡೋ, ಇದು ಯಾರೂ ಹೇಳಿಕೊಟ್ಟಿದ್ದಲ್ಲ, ಇವಳ ಸ್ವಂತ ತಲೆ" ಎಂದು ತೋರಿಸಿದರು. ಓದು ಬಾರದ ಮೇಸ್ತ್ರಿ ಕೂಡ ಹಿಗ್ಗಿದ. ನಾನೂ ನಕ್ಕೆ.

ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಸ್ವಲ್ಪ ತಿರುಗಿಸಿ ಕೇಳಿದ್ದರು. ನನಗೆ ಮೊದಲ ಹೆಜ್ಜೆಯೇ ತೋಚಲಿಲ್ಲ. ಲೆಕ್ಕದಲ್ಲಿ ಫೇಲು.

ಅಪ್ಪಯ್ಯ ರೈಟರನ್ನು ಕರೆಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. "ಪೇಟೆ ಹುಡುಗ್ರೆಲ್ಲ ಉತ್ತರ ಇರೋ ಪುಸ್ತಕ ಓದಿ ಪಾಸಾದ್ರು. ನೀವು ನನ್ನ ಮಗಳಿಗೆ ಎಂಥದ್ದು ತಂದುಕೊಟ್ರಿ ರೈಟ್ರೇ?"

ರೈಟರು, "ಹುಡುಗಿ ತಪ್ಪಿಲ್ಲ ಗೌಡ್ರೇ. ವಾರವಾರ ನೋಡಿದೀನಿ, ಚೆನ್ನಾಗೇ ಮಾಡಿದ್ಲು. ಪುಸ್ತಕ ಆರಿಸಿದ್ದು ನಾನು, ತಪ್ಪು ನಂದೇ" ಎಂದರು. ನಾನು ಎರಡು ಹೆಜ್ಜೆ ಹೊರಗಿಟ್ಟು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಬಾಗಿಲ ಹಿಂದಿನಿಂದ ಕದಲಲಿಲ್ಲ.

ಅಲ್ಲಿಂದಾಚೆಗೆ ಅವರು ಯಾರಿಗೂ ಪುಸ್ತಕ ಆರಿಸಿಕೊಡಲಿಲ್ಲ. ಕೇಳಿಕೊಂಡು ಬಂದವರನ್ನು, "ನಂಗೆ ಅದು ತಿಳಿಯಲ್ಲ, ಬೇರೆಯವರನ್ನ ಕೇಳಿ" ಎಂದು ಕಳಿಸುತ್ತಿದ್ದರಂತೆ. ನನ್ನನ್ನು ಕಳಸಕ್ಕೆ ಕೊಟ್ಟರು.

ಮೂರು ವರ್ಷದ ಮೇಲೆ ಮಲೇರಿಯಾ ಅವರನ್ನು ಹಿಡಿಯಿತು. ತವರಿಗೆ ಬಂದವಳು, ಇವತ್ತು ಎಲ್ಲ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋದೆ. ಕಂಬಳಿಯೊಳಗೆ ನಡುಗುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು, "ಮಗಾ, ಕಾಲೇಜಿಗೆ ಹೋಗಬೇಕಾದೋಳು ನೀನು. ನನ್ನ ಹಟದಿಂದ ಕೆಟ್ತು. ಮನಸಲ್ಲಿ ಇಟ್ಕೋಬೇಡ" ಎಂದರು.

"ಪರವಾಗಿಲ್ಲ ಬಿಡಿ ರೈಟ್ರೇ, ಆಗಿದ್ದು ಆಗೋಯ್ತು" ಎಂದೆ. ಅವರ ಮುಖ ಹಗುರಾಯಿತು.

ನಾಲ್ಕನೆಯ ದಿನ ತೀರಿಕೊಂಡರು. ಅವರು ಮಾಡದ ತಪ್ಪನ್ನು ನಾನು ಕ್ಷಮಿಸಿ ಕಳಿಸಿದೆ.