ಕೈಯಿಂದ ಕೈಗೆ ಕೊಟ್ಟ ಚೂರಿ

"ಮೀನು ಕೊಯ್ಯಲಿಕ್ಕಾ?" ಎಂದು ಅಂಗಡಿಯವನು ಹಿಂದಿಯಲ್ಲಿ ಕೇಳಿದ. ಬಹ್ರೈನಿನ ಮನಾಮಾದ ಸೂಕಿನಲ್ಲಿ, ಅಂದರೆ ಹಳೇ ಪೇಟೆಯಲ್ಲಿ, ಹಡಗಿನ ಸಾಮಾನು ಮಾರುವ ಅಂಗಡಿ ಅದು. ನರ್ಸಿನ ಬಿಳಿ ಸಮವಸ್ತ್ರದಲ್ಲಿ ಒಬ್ಬ ಹೆಂಗಸು ಬಂದು ಚೂರಿ ಕೇಳಿದರೆ ಅವನಾದರೂ ಏನೆಂದುಕೊಳ್ಳಬೇಕು? ಅಡುಗೆಗಲ್ಲ, ನೀರಿನಡಿಗೆ ಇಳಿಯುವವರ ಚೂರಿ, ಗಟ್ಟಿಮುಟ್ಟಾದದ್ದು ಬೇಕು ಎಂದೆ. ಯಾರಿಗೆ ಎಂದ. ಗೆಳೆಯನಿಗೆ ಎಂದೆ. ಅವನ ಹುಬ್ಬು ಮೇಲೇರಿತು. ಬೇರೆ ದಿನವಾಗಿದ್ದರೆ ಅಲ್ಲೇ ಅವನ ನೀರಿಳಿಸುತ್ತಿದ್ದೆ. ನನ್ನ ಬಾಯಿ ಅಂಥದ್ದು. ಅವತ್ತು ಏನೂ ಅನಿಸಲಿಲ್ಲ.

ಗಂಡ ಹೋದಂದಿನಿಂದ ಹಾಗೇ ಇತ್ತು. ಅವರು ಹಡಗು ರಿಪೇರಿಯ ಯಾರ್ಡಿನಲ್ಲಿ ಮುಳುಗುವ ಕೆಲಸದಲ್ಲಿದ್ದರು. ಜೊತೆಗಾರ ಮಲ್ಪೆಯವನು, ಕಡಲಲ್ಲೇ ಬೆಳೆದವನು, ನಮ್ಮಿಬ್ಬರಿಗೂ ಗೆಳೆಯ. ಪ್ರತಿ ಶುಕ್ರವಾರ ನಮ್ಮಲ್ಲೇ ಅವನ ಊಟ, ಊಟಕ್ಕಿಂತ ಹೆಚ್ಚು ನನ್ನೊಂದಿಗೆ ಜಗಳ. ಸಾರಿಗೆ ಹುಳಿ ಜಾಸ್ತಿ ಎಂದು ಅವನು, ನಾಲಗೆ ಉದ್ದ ಜಾಸ್ತಿ ಎಂದು ನಾನು. ಗಂಡ ತೀರಿಹೋದ ದಿನ ಹಡಗಿನ ಪ್ರೊಪೆಲರಿಗೆ ಸುತ್ತಿಕೊಂಡ ನೈಲಾನ್ ಬಲೆ ಬಿಡಿಸಲು ಇಬ್ಬರೂ ಇಳಿದಿದ್ದರು. ಬಲೆ ನನ್ನ ಗಂಡನನ್ನು ಸುತ್ತಿತು. ಅವರ ಚೂರಿ ಕೈಜಾರಿ ತಳ ಸೇರಿತು. ಗೆಳೆಯ ಕೊಯ್ಯತೊಡಗಿದ. ಅವನ ಚೂರಿ ಹಿಡಿಯ ಬುಡದಲ್ಲೇ ಮುರಿಯಿತು. ಬೇರೊಂದು ತರಲು ಮೇಲೆ ಬಂದು ಮತ್ತೆ ಇಳಿಯುವಷ್ಟರಲ್ಲಿ ನನ್ನ ಗಂಡನ ಗಾಳಿ ಮುಗಿದಿತ್ತು.

ಊರಿಗೆ ಕೊಂಡುಹೋಗಿ ಮಣ್ಣು ಮಾಡಿ, ರಜೆ ಮುಗಿದೊಡನೆ ಬಹ್ರೈನಿಗೆ, ಡ್ಯೂಟಿಗೆ ಮರಳಿದೆ. ಅಳು ಬರಲಿಲ್ಲ. ಹಸಿವೂ ಆಗುತ್ತಿರಲಿಲ್ಲ, ಕ್ಯಾಂಟೀನಿನಲ್ಲಿ ಮುಂದಿಟ್ಟದ್ದನ್ನು ಮದ್ದಿನ ಹಾಗೆ ನುಂಗುತ್ತಿದ್ದೆ. ಗೆಳೆಯ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಶನಿವಾರದಿಂದ ಅವನು ಮತ್ತೆ ನೀರಿಗಿಳಿಯುತ್ತಾನಂತೆ, ಯಾರ್ಡಿನವರು ಕೊಟ್ಟ ಅಂಥದೇ ಚೂರಿ ಹಿಡಿದು ಎಂದು ಇಗರ್ಜಿಯಲ್ಲಿ ಯಾರೋ ಹೇಳಿದರು. ಹಾಗಾದರೆ ಅವನೂ ಸಾಯುತ್ತಾನೆ ಎಂದುಕೊಂಡೆ. ಹೆದರಿಕೆ ಕೂಡ ಆಗಲಿಲ್ಲ. ಮರುದಿನ ಡ್ಯೂಟಿ ಮುಗಿಸಿ ನೇರ ಸೂಕಿಗೆ ನಡೆದೆ.

ಅಂಗಡಿಯವನು ಮಿರಮಿರ ಮಿಂಚುವುದೊಂದನ್ನು ತೆಗೆದ. ಶೋಕಿಗಲ್ಲ ಎಂದೆ. ಅಲಗಿನ ಉಕ್ಕು ಹಿಡಿಯೊಳಗೆ ಕೊನೆಯವರೆಗೂ ಹೋಗಿರುವುದು ನನಗೆ ಬೇಕಿತ್ತು. ನಾಲ್ಕಾರು ಡಬ್ಬ ತೆರೆಸಿದ ಮೇಲೆ ಸಿಕ್ಕಿತು: ಮಂಕು ಬಣ್ಣ, ಕೈಗೆ ಭಾರ, ಒಂದು ಬದಿಗೆ ಗರಗಸದ ಹಲ್ಲು. ಅದರ ತುದಿಯನ್ನು ಮೇಜಿನ ಸಂದಿಗೆ ತೂರಿಸಿ ಮೈಭಾರವೆಲ್ಲ ಹಾಕಿದೆ. "ಅರೇ, ಅರೇ, ಕ್ಯಾ ಕರ್ ರಹೀ ಹೋ!" ಎಂದು ಅವನು ಬೊಬ್ಬೆ ಹಾಕಿದ. ಮುರಿಯಲಿಲ್ಲ. ನೈಲಾನ್ ಹಗ್ಗದ ತುಂಡು ಕೇಳಿ ಕೊಯ್ದೆ. ಎರಡೇ ಎಳೆತಕ್ಕೆ ತುಂಡಾಯಿತು. ಅವತ್ತು ನೀರಿನಡಿ ಇಷ್ಟೇ ಸಾಕಿತ್ತು. ಆಗಲೂ ಕಣ್ಣು ಒಣಗಿಯೇ ಇತ್ತು.

ಬಸ್ಸು ಹಿಡಿದು ಪಕ್ಕದ ದ್ವೀಪದ ಮುಹರ್ರಕ್‌ಗೆ ಹೋದೆ. ಹಳೇ ಮನೆಯೊಂದರಲ್ಲಿ ಗೆಳೆಯನ ರೂಮು, ಬರೀ ಗಂಡಸರು. ಬಾಗಿಲಲ್ಲಿ ನನ್ನನ್ನು ಕಂಡು ಉಳಿದವರೆಲ್ಲ ಬನಿಯನ್ ಹುಡುಕಲು ಓಡಿದರು. ಅವನು ನೆಲ ನೋಡುತ್ತ ನಿಂತ.

"ಬದುಕಿದ್ದೀಯಾ ಮಾರಾಯ?" ಎಂದೆ.

ನಮ್ಮ ಕಡೆ ಚೂರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆಂದು. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಹಾಗೇ ಅವನ ಟ್ರಂಕಿನ ಮೇಲಿಟ್ಟೆ. ಅವನು ನೋಡಿದ, ಎತ್ತಿಕೊಳ್ಳಲಿಲ್ಲ.

"ನನಗೆಂತಕ್ಕೆ ಅಕ್ಕ ಇದು? ಅವತ್ತು ನನ್ನ ಕೈಯಲ್ಲಿ ಆಗ್ಲಿಲ್ಲ ಅಲ್ವಾ."

"ಮುರಿದದ್ದು ಚೂರಿ, ನಿನ್ನ ಕೈ ಅಲ್ಲ."

"ನಿಮ್ಮ ಮುಖ ನೋಡ್ಲಿಕ್ಕೆ ಆಗುದಿಲ್ಲ ನನಗೆ. ತಕೊಂಡು ಹೋಗಿ."

ಇನ್ನು ಮಾತಿನಿಂದ ಆಗುವುದಿಲ್ಲ ಅನಿಸಿತು. ಚೂರಿ ಎತ್ತಿ, ಅವನ ಕೈ ಎಳೆದು, ಹಿಡಿಯನ್ನು ಅಂಗೈಯಲ್ಲಿಟ್ಟು ಬೆರಳು ಮುಚ್ಚಿದೆ.

"ಅಯ್ಯೋ, ಕೈಗೆ ಕೊಡ್ಬೇಡಿ ಅಕ್ಕ! ಜಗಳ ಆಗ್ತದೆ."

"ಆಗಲಿ. ಜಗಳ ಮಾಡ್ಲಿಕ್ಕಾದ್ರೂ ಮನೆಗೆ ಬಾ. ಶನಿವಾರ ನೀರಿಂದ ಎದ್ದು ಸೀದಾ ಬಾ."

ಶನಿವಾರ ಕತ್ತಲಾಗುವ ಮುಂಚೆ ಬಾಗಿಲು ಬಡಿದ ಸದ್ದಾಯಿತು. ಅವನ ತಲೆ ಇನ್ನೂ ಒದ್ದೆ, ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಚೂರಿ.

"ಎಂತ ಭಾರ ಅಕ್ಕ ಇದು!" ಎಂದು ಹೊಸ್ತಿಲಲ್ಲೇ ಶುರು ಮಾಡಿದ. "ಕಾಲಿಗೆ ಕಟ್ಟಿದ್ರೆ ನಡೀಲಿಕ್ಕೇ ಆಗುದಿಲ್ಲ. ಕೇಳಿ ತರ್ಲಿಕ್ಕೆ ಆಗ್ತಿರ್ಲಿಲ್ವಾ ನಿಮಗೆ?"

ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟೆ. ನನಗೂ ಹಸಿವಾಗಿತ್ತು.