ಏಣಿಯ ಮೇಲಿನ ಸಾಕ್ಷಿ

“ಚಪ್ಲಿ ಆಚೆ ಬುಟ್ಟು ಬನ್ನಿ ಯಜಮಾನ್ರೇ, ಎಲೆತೋಟ ಇದು!” ಎಂದಿತು ಬಳ್ಳಿಗಳ ನಡುವಿಂದ ಒಂದು ದನಿ. ತಲೆಯೆತ್ತಿದರೆ ಕಂಡದ್ದು ಒಂದು ಏಣಿ, ಅದರ ಮೇಲೆ ಎರಡು ಪಾದ. ಉಳಿದ ಮನುಷ್ಯ ವೀಳ್ಯದೆಲೆಯ ಹಸಿರಿನಲ್ಲಿ ಮುಚ್ಚಿಹೋಗಿದ್ದ.

ತೊಂಬತ್ತರ ದಶಕದ ಮಾತು. ಮಗಳಿಗೆ ಗಂಡು ನೋಡಲು ಹುಣಸೂರಿನಿಂದ ರಾವಂದೂರಿನ ಕಡೆ ಹೋಗಿದ್ದೆ. ಮನೆಗೆ ಹೋಗುವ ಮೊದಲೇ ತೋಟದ ಆಳುಗಳನ್ನು ವಿಚಾರಿಸಿದರೆ ನಿಜ ಹೊರಬೀಳುತ್ತದೆ ಎಂಬ ಜಾಣತನ ನನ್ನದು. ಚಪ್ಪಲಿ ಬಿಟ್ಟು ಬಂದು, ಏಣಿಯ ಕೆಳಗೆ ನಿಂತು ಆ ಪಾದಗಳನ್ನೇ ಕೇಳಿದೆ: “ಈ ತೋಟದವರ ಮಗ ಹೇಗಪ್ಪಾ?”

“ಅಪರಂಜಿ ಕಣ್ರೀ. ಬೀಡಿ ಇಲ್ಲ, ಇಸ್ಪೀಟಿಲ್ಲ. ಮೈ ಬಗ್ಸಿ ಗೇಯ್ತಾನೆ.” ಒಂದೊಂದು ಗುಣಕ್ಕೂ ಚಟ್ಟನೆ ಒಂದೊಂದು ಎಲೆ ಕಿತ್ತ ಸದ್ದು.

“ಒಂದಾದರೂ ದೋಷ ಇರಬೇಕಲ್ಲ?”

ಎಲೆ ಕೀಳುವ ಸದ್ದು ನಿಂತಿತು. “ಗೊರ್ಕೆ ಒಸಿ ಹೊಡೀತಾನೆ. ಒಂಚೂರೇ.”

ಧಣಿಯ ಮಗನ ಗೊರಕೆ ಆಳಿಗೆ ಹೇಗೆ ಗೊತ್ತು ಎಂದು ನಾನು ಯೋಚಿಸುವಷ್ಟರಲ್ಲಿ ಬೇಲಿಯಾಚೆಯಿಂದ ಮನೆಯೊಡತಿ ಕೂಗಿದರು: “ಲೇ ಮಗಾ, ಹೆಣ್ಣಿನ ಕಡೆಯೋರು ಬಸ್ ಇಳುದ್ರಂತೆ! ಬಿರ್ರನೆ ಇಳ್ದು ಮಕ ತೊಳ್ಕೊಳ್ಲಾ!”

ಗಂಡು ಇಳಿಯಲಿಲ್ಲ. ಪಾದಗಳು ಇನ್ನೂ ಎರಡು ಮೆಟ್ಟಿಲು ಮೇಲೇರಿದವು.

ಆ ತೋಟದ ಎಲೆಯಲ್ಲೇ ತಾಂಬೂಲ ಬದಲಾಯಿಸಿಕೊಂಡೆವು. ಮದುವೆಯಾಗಿ ಮೊದಲ ಸಲ ತವರಿಗೆ ಬಂದ ಮಗಳು ನಿದ್ದೆಗೆಟ್ಟ ಕಣ್ಣುಜ್ಜುತ್ತಾ ಹೇಳಿದಳು: “ಅಪ್ಪಾಜಿ, ಅವರು ಏಣಿ ಮೇಲಿಂದ ಹೇಳಿದ್ದೆಲ್ಲಾ ನಿಜ. ಆ ‘ಒಸಿ’ ಅನ್ನೋದೊಂದು ಬಿಟ್ಟು.”